ಹಳೇ ಅಮೆರಿಕನ್ ಪಿಕಪ್‌ಗಳಲ್ಲಿ ಮೂರೇ ಗೇರ್ ಇರೋದು, ಮತ್ತೆ ಕಂಪನಿಯವ್ರೇ ಹಾಕಿಕೊಡ್ತಿದ್ದ ಓವರ್‌ಡ್ರೈವ್ ಏನ್ ಮಾಡ್ತಿತ್ತು?

ಗಾಡಿ ಸ್ಪೀಡ್ ಹಾಗೇ ಇಟ್ಟು ಇಂಜಿನ್ ತಿರುಗೋದನ್ನ ಸುಮಾರು 30% ಕಮ್ಮಿ ಮಾಡ್ತಿತ್ತು, ಅಷ್ಟೇ ಅದರ ಕೆಲ್ಸ.

1955ರ ಷೆವರ್ಲೆ ಅರ್ಧ ಟನ್ ಪಿಕಪ್ಪನ್ನೇ ತಗೊಳ್ಳಿ. ಲೋಡ್ ಎಳೀಬೇಕು ಅಂತ ಹಿಂದಿನ ಆಕ್ಸಲ್ ರೇಶಿಯೋ 3.90 ಇಟ್ಟಿದ್ರು, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಟಾಪ್ ಗೇರಲ್ಲೂ ಇಂಜಿನ್ ಹತ್ರಹತ್ರ ನಾಲ್ಕು ಸುತ್ತು ತಿರುಗ್ಬೇಕು, ಹೈವೇಲಿ ಪಾಪ ಇಂಜಿನ್ ಕಿರುಚ್ತಾನೇ ಇರುತ್ತೆ. ಎಕ್ಸ್‌ಟ್ರಾ ದುಡ್ಡು ಕೊಟ್ರೆ ಗೇರ್‌ಬಾಕ್ಸ್ ಹಿಂದೆ ಬೋರ್ಗ್-ವಾರ್ನರ್ ಓವರ್‌ಡ್ರೈವ್ ಬರ್ತಿತ್ತು. ಅದ್ರೊಳಗೆ ನಡುವೆ ಒಂದು ಗೇರ್, ಸುತ್ತ ಸಣ್ಣ ಗೇರ್‌ಗಳು, ಹೊರಗೊಂದು ಹಲ್ಲಿನ ಬಳೆ. ನಡುವಿನ ಗೇರನ್ನ ಸೊಲೆನಾಯ್ಡ್ (ಕರೆಂಟಲ್ಲಿ ತಳ್ಳೋ ಮೊಳೆ) ಹಿಡಿದು ನಿಲ್ಲಿಸಿದ ತಕ್ಷಣ ಹೊರಗಿನ ಬಳೆ ಜೋರಾಗಿ ತಿರುಗುತ್ತೆ, ಇಂಜಿನ್ 0.7 ಸುತ್ತಿಗೇ ಹಿಂದಿನ ಆಕ್ಸಲ್ ಕಡೆಗೆ 1 ಸುತ್ತು ಸಿಗುತ್ತೆ. 3000 ಆರ್‌ಪಿಎಂ ಇದ್ದದ್ದು 2100ಕ್ಕೆ ಇಳಿಯುತ್ತೆ!

ನಂಗೆ ತುಂಬಾ ಇಷ್ಟ ಆಗೋದು ಈ ಓವರ್‌ಡ್ರೈವ್ ಬೀಳೋ ರೀತಿ. ಗಂಟೆಗೆ 45 ಕಿಮೀ ಆಸುಪಾಸು ದಾಟಿದ್ಮೇಲೆ ಆಕ್ಸಿಲರೇಟರಿಂದ ಕಾಲೆತ್ತಿದ್ರೆ ಸಾಕು, ಕ್ಲಚ್ ಮುಟ್ಟೋದೇ ಬೇಡ, ಟಕ್ ಅಂತ ಕೂರುತ್ತೆ. ಓವರ್‌ಟೇಕ್ ಮಾಡ್ಬೇಕಾ, ಪೆಡಲ್ ಪೂರ್ತಿ ಒತ್ತಿ, ಕ್ಷಣಮಾತ್ರ ಇಗ್ನಿಷನ್ ತಾನೇ ಕಟ್ಟಾಗಿ ಗೇರ್ ಮೇಲಿನ ಒತ್ತಡ ಸಡಿಲ ಆಗಿ ಮೊಳೆ ಆಚೆ ಬರುತ್ತೆ, ಓವರ್‌ಡ್ರೈವ್ ಬಿಟ್ಟು ಮಾಮೂಲಿ ಗೇರ್ ಸಿಗುತ್ತೆ.

ಒಂದು ಮಾತ್ರ ನೆನಪಿಟ್ಕೊಳಿ, ಓವರ್‌ಡ್ರೈವ್ ಆನ್-ಆಫ್ ಮಾಡೋಕೆ ಡ್ಯಾಶ್ ಕೆಳಗಿರೋ ಹ್ಯಾಂಡಲ್ ಒಳಗೆ ತಳ್ಳಿದ್ದು (ಅಂದ್ರೆ ಆನ್) ಸ್ಪೀಡೂ ಕಮ್ಮಿ ಇದ್ರೆ ಗಾಡಿ ಸೈಕಲ್ ಥರ ಫ್ರೀಯಾಗಿ ಉರುಳುತ್ತೆ, ಇಂಜಿನ್ ಬ್ರೇಕಿಂಗ್ ಇರಲ್ಲ. ಘಾಟಿ ಇಳಿಯೋ ಮುಂಚೆನೇ ಹ್ಯಾಂಡಲ್ ಆಚೆ ಎಳ್ಕೊಂಡ್ಬಿಡಿ.