ಪೆಟ್ಟಿಗೆಗೆ ಮುಚ್ಚಳ ಬೀಳುವ ಮೊದಲೇ ಅಲ್ಲಿರಿ

ಪುಣೆಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದ್ದೀರಿ. ಅಣು ವಿದ್ಯುತ್ ಸ್ಥಾವರದ ತ್ಯಾಜ್ಯ ಹೇಗೆ ಪ್ಯಾಕ್ ಆಗುತ್ತದೆ, ಹೇಗೆ ಸಾಗುತ್ತದೆ ಅಂತ ತಪಾಸಣೆ ಮಾಡುವ ಕೆಲಸಕ್ಕೆ ಸೇರುವ ಆಸೆ. ವಿಕಿರಣ ಅಳೆಯುವ ಮೀಟರ್ ಹಿಡಿಯುವುದನ್ನು ಗಟ್ಟಿ ಮಾಡಿಕೊಳ್ಳಲಾ, ನಿಯಮಗಳನ್ನು ಓದಲಾ, ಯಾವುದು ಮೊದಲು ಅಂತ ಕೇಳಿದ್ದೀರಿ. ಅಮ್ಮ ಹೆದರುತ್ತಾರೆ ಅಂತಲೂ ಬರೆದಿದ್ದೀರಿ. ಚೆಂಬೂರಿನ ಬಾಡಿಗೆ ರೂಮಿನಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಎರಡನ್ನೂ ಕಲಿತೆ. ಎರಡೂ ಸರಿಯಾಗಿ ಗೊತ್ತಿದ್ದೂ ಒಂದು ಪೆಟ್ಟಿಗೆಯನ್ನು ಪಾಸ್ ಮಾಡಬಾರದಿತ್ತು, ಮಾಡಿದೆ. ಮೊದಲು ಅದನ್ನು ಕೇಳಿ.

ಆಗ ನಾನು ಮುಂಬೈನಿಂದ ಸ್ಥಾವರಗಳಿಗೆ ತಪಾಸಣೆಗೆ ಹೋಗುವ ಒಂದು ತಂಡದಲ್ಲಿದ್ದೆ. ಯಾವ ಸ್ಥಾವರ ಅನ್ನುವುದು ಬೇಡ. ರಿಯಾಕ್ಟರಿನ ಒಳಗಿಂದ ತೆಗೆದ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡು ಒಂದಿತ್ತು. ಅದು ಯಾಕೆ ಸವೆದಿದೆ ಅಂತ ನೋಡಲು ಮುಂಬೈ ಕಡೆಯ ಒಂದು ಲ್ಯಾಬಿಗೆ ಕಳಿಸಬೇಕಿತ್ತು. ಅಂಥ ಉಕ್ಕಿನಲ್ಲಿ ಕೋಬಾಲ್ಟ್-60 ಅನ್ನುವ ವಿಕಿರಣ ವಸ್ತು ಹುಟ್ಟಿಕೊಂಡಿರುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ, ಗಾಮಾ ಕಿರಣ ಬಲು ಜೋರು. ತುಂಡನ್ನು ಚಿಕ್ಕ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎರಡು ಅಡಿ ಅಗಲದ ಉಕ್ಕಿನ ಪೆಟ್ಟಿಗೆಯ ನಟ್ಟನಡುವೆ ಕೂರಿಸಿದ್ದರು. ಟೈಪ್-ಎ ಪೆಟ್ಟಿಗೆ, ಅಂದರೆ ಸೀಮಿತ ಪ್ರಮಾಣದ ವಿಕಿರಣ ವಸ್ತು ಸಾಗಿಸುವ ಬಗೆಯದು, ವಿನ್ಯಾಸಕ್ಕೆ ಒಪ್ಪಿಗೆ ಇದ್ದದ್ದೇ.

ನಾನು ಹೋದಾಗ ಮುಚ್ಚಳ ಬಿಗಿದು ಸೀಲ್ ಹಾಕಿ ಆಗಿತ್ತು. ಮಳೆಗಾಲ. ಲಾರಿ ಶೆಡ್ಡಿನ ಬಾಗಿಲಿಗೇ ಬಂದು ನಿಂತಿತ್ತು. ನಾನು ಏನೇನು ಮಾಡಿದೆ ಅಂತ ಪೂರ್ತಿ ಹೇಳುತ್ತೇನೆ, ಯಾಕಂದರೆ ಪುಸ್ತಕದ ಪ್ರಕಾರ ಅದರಲ್ಲಿ ಒಂದೂ ತಪ್ಪಿಲ್ಲ. ಮೀಟರಿನ ಕ್ಯಾಲಿಬ್ರೇಷನ್ ತಾರೀಖು ನೋಡಿದೆ. ಚೆಕ್ ಸೋರ್ಸ್, ಅಂದರೆ ಪರೀಕ್ಷೆಗೆಂದೇ ಇರುವ ಸಣ್ಣ ವಿಕಿರಣ ಮೂಲ, ಇಟ್ಟು ಮುಳ್ಳು ಸರಿಯಾಗಿ ಏಳುತ್ತದಾ ಅಂತ ನೋಡಿದೆ. ಪೆಟ್ಟಿಗೆಯ ಮೈಯನ್ನು ಬಟ್ಟೆಯಿಂದ ಒಣಗಿಸಿ, ಆಮೇಲೆ ವಿಕಿರಣದ ಧೂಳು ಅಂಟಿದೆಯಾ ಅಂತ ನೋಡಲು ಫಿಲ್ಟರ್ ಪೇಪರಿನಿಂದ ಉಜ್ಜಿ ಸ್ವೈಪ್ ತೆಗೆದೆ. ಒದ್ದೆ ಪೇಪರ್ ಬೀಟಾ ಕಣಗಳನ್ನು ತಾನೇ ತಡೆದು ಸುಳ್ಳು ಹೇಳುತ್ತದೆ, ಇದು ನೆನಪಿರಲಿ. ಆ ಧೂಳಿಗೆ ಚದರ ಸೆಂಟಿಮೀಟರಿಗೆ 4 ಬೆಕರೆಲ್ ಮಿತಿ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕರೆಲ್). ನಮ್ಮದು ಅದರ ಹತ್ತಿರಕ್ಕೂ ಬರಲಿಲ್ಲ. ಆರೂ ಮೈ ಅಳೆದೆ. ಮೈಗೆ ತಾಗಿಸಿದಾಗ ಗಂಟೆಗೆ 0.1 ಮಿಲಿಸೀವರ್ಟ್. ದೇಹಕ್ಕೆ ಬೀಳುವ ವಿಕಿರಣದ, ಅಂದರೆ ಡೋಸಿನ, ಅಳತೆ ಅದು. ಒಂದು ಮೀಟರ್ ದೂರದ ಓದನ್ನು ನೂರರಿಂದ ಗುಣಿಸಿದರೆ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್. ಅದು 0.8 ಬಂತು. ಮೈ ಮೇಲೆ 0.5ರ ಒಳಗೆ, ಇಂಡೆಕ್ಸ್ 1ರ ಒಳಗೆ ಇದ್ದರೆ ಎರಡನೇ ವರ್ಗದ ಹಳದಿ ಲೇಬಲ್. ಅದೇ ಲೇಬಲ್ ಅಂಟಿಸಿದ್ದರು. ಸಹಿ ಹಾಕಿದೆ.

ಲಾರಿ ತಲುಪಿದ ಕಡೆ ಅಳೆದಾಗ ಒಂದು ಪಕ್ಕದಲ್ಲಿ ಬಂದದ್ದು ಗಂಟೆಗೆ 2.5 ಮಿಲಿಸೀವರ್ಟ್. ಸಾಮಾನ್ಯ ಸಾಗಣೆಗೆ ಮೈ ಮೇಲಿನ ಮಿತಿಯೇ 2. ಅಂದರೆ ಸಾಮಾನ್ಯ ಸಾಗಣೆಯಲ್ಲಿ ಆ ಪೆಟ್ಟಿಗೆಗೆ ಸರಿಹೊಂದುವ ಲೇಬಲ್ಲೇ ಇರಲಿಲ್ಲ.

ಒಳಗೆ ಏನಾಗಿತ್ತು ಅಂದರೆ, ಡಬ್ಬಿ ನಡುವಿನಿಂದ ಜಾರಿ ಗೋಡೆಗೆ ಒರಗಿ ನಿಂತಿತ್ತು. ಅಷ್ಟೇ. ಪೆಟ್ಟಿಗೆ ಬಿದ್ದಿರಲಿಲ್ಲ, ಒಡೆದಿರಲಿಲ್ಲ, ಏನೂ ಸೋರಿರಲಿಲ್ಲ. ಇಲ್ಲಿ ದಯವಿಟ್ಟು ಲೆಕ್ಕ ನೋಡಿ, ನಿಮಗೆ ಬರುವ ಲೆಕ್ಕವೇ. ತುಂಡು ನಡುವೆ ಇದ್ದಾಗ ಗೋಡೆಗೆ 30 ಸೆಂಟಿಮೀಟರ್. ಮೀಟರಿನ ಡಿಟೆಕ್ಟರ್ ಗೋಡೆಯಿಂದ ಈಚೆ 5. ಒಟ್ಟು 35. ಜಾರಿದ ಮೇಲೆ ಗೋಡೆಗೆ 2, ಡಿಟೆಕ್ಟರಿಗೆ 5, ಒಟ್ಟು 7. ದೂರ ಅರ್ಧವಾದರೆ ಡೋಸ್ ನಾಲ್ಕು ಪಟ್ಟು. ಇಲ್ಲಿ ದೂರ ಐದನೇ ಒಂದು ಭಾಗಕ್ಕೆ ಇಳಿಯಿತು, ಡೋಸ್ ಐದೈದಲಿ ಇಪ್ಪತ್ತೈದು ಪಟ್ಟು ಏರಿತು. 0.1 ಇದ್ದದ್ದು 2.5 ಆಯಿತು. ಆದರೆ ಒಂದು ಮೀಟರ್ ದೂರ ನಿಂತು ನೋಡಿದರೆ? ಮೊದಲು ತುಂಡು 130 ಸೆಂಟಿಮೀಟರ್ ದೂರ, ಈಗ 102. ಇಂಡೆಕ್ಸ್ 0.8ರಿಂದ 1.2ಕ್ಕೆ ಹೋಯಿತು, ಅಷ್ಟೇ. ಲಾರಿ ಪಕ್ಕದಲ್ಲಿ ನಡೆದು ಹೋದವನಿಗೆ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ. ಪೆಟ್ಟಿಗೆಗೆ ಮೀಟರ್ ತಾಗಿಸಿದರೆ ಮಾತ್ರ ಇಪ್ಪತ್ತೈದು ಪಟ್ಟು, ಕೈ ಇಟ್ಟವನಿಗೆ ಇನ್ನೂ ಹೆಚ್ಚು.

ಕೈ ಇಟ್ಟವನು ಒಬ್ಬನಿದ್ದ. ಇಂಡಿ ತಾಲ್ಲೂಕಿನ ಕಡೆಯ ಲೋಡರ್. ಮಾನ್‌ಖುರ್ದಿನಲ್ಲಿ ಸಂಸಾರ. ಪೆಟ್ಟಿಗೆಯನ್ನು ಟ್ರಾಲಿ ಮೇಲೆ ತಳ್ಳುವಾಗ ಎರಡೂ ಅಂಗೈ ಅದೇ ಪಕ್ಕಕ್ಕೆ ಒತ್ತಿದ್ದ. ವಿಚಾರಣೆಗೆ ಹೋದ ದಿನ ನಾನು ಕನ್ನಡದವನು ಅಂತ ಗೊತ್ತಾಗಿ ಹತ್ತಿರ ಬಂದ. "ಅಣ್ಣಾರ, ಖರೇ ಹೇಳ್ರಿ. ನನಗೇನರ ಆಗ್ತದೇನು? ಮನ್ಯಾಗ ಸಣ್ಣ ಕೂಸದ," ಅಂದ. ಅಂಗೈ ಎರಡನ್ನೂ ನನ್ನ ಮುಂದೆ ಚಾಚಿದ್ದ. ಬೆರಳ ಸಂದಿಯಲ್ಲಿ ಗ್ರೀಸು.

ಅವನ ಜೊತೆ ಕೂತು ಲೆಕ್ಕ ಮಾಡಿದೆ. ತಳ್ಳಿದ್ದು ನಾಲ್ಕು ನಿಮಿಷ ಅಂತ ಜಾಸ್ತಿಯೇ ಹಿಡಿದೆವು. ಕೈ ಮೀಟರಿನ ಡಿಟೆಕ್ಟರಿಗಿಂತ ಹತ್ತಿರ, ತುಂಡಿನಿಂದ ಎರಡೇ ಸೆಂಟಿಮೀಟರ್ ದೂರ ಅಂತ ಹಿಡಿದರೂ ಬಿದ್ದದ್ದು ಸುಮಾರು 2 ಮಿಲಿಸೀವರ್ಟ್. ಈ ಕೆಲಸದವರಲ್ಲದ ಸಾಮಾನ್ಯ ಜನರಿಗೂ ಚರ್ಮದ ವಾರ್ಷಿಕ ಮಿತಿ 50. ಏನೂ ಆಗುವುದಿಲ್ಲ ಅಂದೆ, ಅದು ನಿಜವೇ. ಆದರೆ ತುಂಡು ಹತ್ತು ಪಟ್ಟು ಜೋರಿನದಾಗಿದ್ದು, ನಡುವೆ ಸೀಸದ ತಡೆ ಇಟ್ಟು ಇದೇ ಥರ ಪ್ಯಾಕ್ ಮಾಡಿದ್ದರೆ? ಆಗಲೂ ಹೊರಗಿನ ಓದು ಅಷ್ಟೇ ಇರುತ್ತಿತ್ತು, ನನ್ನ ಸಹಿಯೂ ಅಷ್ಟೇ ನಿಶ್ಚಿಂತೆಯಿಂದ ಬೀಳುತ್ತಿತ್ತು. ಆ ರಾತ್ರಿ ನಿದ್ದೆ ಬರದಿದ್ದದ್ದು ಇದಕ್ಕೆ.

ಈಗ ತಪ್ಪು ಎಲ್ಲಿ ಅಂತ ಹೇಳುತ್ತೇನೆ. ಆ ಪೆಟ್ಟಿಗೆಯ ವಿನ್ಯಾಸದಲ್ಲಿ ಡಬ್ಬಿಯನ್ನು ಬೋಲ್ಟ್ ಹಾಕಿ ಹಿಡಿದುಕೊಳ್ಳುವ ಉಕ್ಕಿನ ತೊಟ್ಟಿಲು ಇತ್ತು. ಆ ಸಲದ ಡಬ್ಬಿ ಸ್ವಲ್ಪ ದಪ್ಪ, ತೊಟ್ಟಿಲಿನಲ್ಲಿ ಕೂರಲಿಲ್ಲ. ಪ್ಯಾಕ್ ಮಾಡಿದವರು ತೊಟ್ಟಿಲು ಬಿಚ್ಚಿಟ್ಟು, ಮರದ ತುಂಡು ಮತ್ತು ಸ್ಪಂಜು ಸೇರಿಸಿ ಡಬ್ಬಿಯನ್ನು ನಿಲ್ಲಿಸಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ. ಹೊರಗಿನ ಓದು ಸರಿ ಬಂತು, ಸಾಕು ಅಂದುಕೊಂಡರು. ಆದರೆ ಟೈಪ್-ಎ ಪೆಟ್ಟಿಗೆಯನ್ನು ಸುಮ್ನೆ ಒಪ್ಪಿಕೊಂಡಿರುವುದಿಲ್ಲ. ನೀರು ಸುರಿಸುತ್ತಾರೆ, 1.2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಮೇಲೆ ಭಾರ ಹೇರುತ್ತಾರೆ, 6 ಕಿಲೋ ಸಲಾಕೆಯನ್ನು ಮೇಲಿಂದ ಬಿಡುತ್ತಾರೆ. ಇಷ್ಟಾದ ಮೇಲೂ ಹೊರಮೈಯ ಅತಿ ಹೆಚ್ಚಿನ ಡೋಸ್ ಶೇ 20ಕ್ಕಿಂತ ಏರಬಾರದು. ಆ ಪರೀಕ್ಷೆ ಪಾಸಾದದ್ದು ತೊಟ್ಟಿಲಿದ್ದ ಪೆಟ್ಟಿಗೆ. ತೊಟ್ಟಿಲು ಬಿಚ್ಚಿದ ಮೇಲೆ ಆ ಸರ್ಟಿಫಿಕೇಟು ಬೇರೆ ಯಾವುದೋ ಪೆಟ್ಟಿಗೆಯದ್ದು. ಹೆದ್ದಾರಿಯ ಹೊಂಡ, ಹಂಪುಗಳೇ ಸಾಕಾದವು ಮರದ ತುಂಡುಗಳನ್ನು ಸಡಿಲಿಸಲು.

ಮುಚ್ಚಳ ತೆಗೆಸಿ ನೋಡಬಹುದಿತ್ತಲ್ವಾ ಅಂತ ಎಲ್ಲರೂ ಕೇಳಿದರು. ತೆಗೆಸಲಿಲ್ಲ. ತೆಗೆದರೆ ಕೆಲಸದವರಿಗೆ ಸುಮ್ಮನೆ ಡೋಸ್ ಬೀಳುತ್ತದೆ ಅಂತ ಯೋಚಿಸಿದೆ. ಆ ಯೋಚನೆ ಈಗಲೂ ಸರಿಯೇ ಅನಿಸುತ್ತದೆ. ನಾನು ಸೋತದ್ದು ಅಲ್ಲಿ ಅಲ್ಲ. ಮುಚ್ಚಳ ತೆಗೆಯದೆಯೂ ಸತ್ಯ ನನ್ನ ಕೈಯಲ್ಲೇ ಇತ್ತು. ಫೈಲಿನಲ್ಲಿ ತೂಕದ ಚೀಟಿ ಇತ್ತು. ವಿನ್ಯಾಸದ ಹಾಳೆಯಲ್ಲಿ ತೊಟ್ಟಿಲು ಸೇರಿ ಪೆಟ್ಟಿಗೆಯ ತೂಕ ಬರೆದಿತ್ತು. ಎರಡಕ್ಕೂ 14 ಕಿಲೋ ವ್ಯತ್ಯಾಸ. ಚೀಟಿ ಇದೆಯಾ ಅಂತ ನೋಡಿ ಟಿಕ್ ಹಾಕಿದೆ. ಎರಡು ಅಂಕಿಗಳನ್ನು ಕಳೆಯಲಿಲ್ಲ. ಕಳೆದಿದ್ದರೆ "ಒಳಗಿಂದ 14 ಕಿಲೋ ಉಕ್ಕು ಎಲ್ಲಿ ಹೋಯಿತು?" ಅಂತ ಕೇಳಲೇಬೇಕಾಗುತ್ತಿತ್ತು. ತುಂಬುವಾಗಿನ ಫೋಟೋ ಕೊಡಿ ಅಂದಿದ್ದರೂ ಸಾಕಿತ್ತು. ಪ್ಯಾಕ್ ಮಾಡಿದ ಫಿಟ್ಟರ್ ಶೆಡ್ಡಿನಲ್ಲೇ ಚಹಾ ಕುಡಿಯುತ್ತಾ ನಿಂತಿದ್ದ. "ಒಳಗೆ ಹೇಗೆ ಕೂರಿಸಿದಿರಿ?" ಅಂತ ಕೇಳಿದ್ದರೆ ಅವನೇ ಹೇಳುತ್ತಿದ್ದ, ಮುಚ್ಚಿಡುವಂಥದ್ದು ಅಂತ ಅವನಿಗೆ ಅನಿಸಿಯೇ ಇರಲಿಲ್ಲ. ನಾನು ಕೇಳಲಿಲ್ಲ. ಪೆಟ್ಟಿಗೆಯ ಹೊರಮೈಯನ್ನೇ ತಪಾಸಣೆ ಅಂದುಕೊಂಡಿದ್ದೆ.

ವಿಯೆನ್ನಾದ ಒಂದು ತರಬೇತಿಗೆ ನನ್ನ ಹೆಸರು ಹೋಗಿತ್ತು. ಹಿಂದಕ್ಕೆ ಬಂತು. ಮುಂದಿನ ತಪಾಸಣೆಗಳಲ್ಲಿ ತಂಡ ನಡೆಸುವುದು ಬೇರೆಯವರ ಪಾಲಾಯಿತು. ಅದು ನ್ಯಾಯವೇ.

ಇನ್ನು ನಿಮ್ಮ ಪ್ರಶ್ನೆಯ ಒಳಗಿರುವ ಒಂದು ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸ್ಥಾವರದಿಂದ ದಿನಾ ತ್ಯಾಜ್ಯದ ಲಾರಿಗಳು ಹೊರಡುತ್ತವೆ, ಅವನ್ನು ಹಿಡಿದು ನೋಡುವುದೇ ಕೆಲಸ ಅಂತ ಬರೆದಿದ್ದೀರಿ. ಅದು ಅಮೆರಿಕದ ಚಿತ್ರ. ಅಲ್ಲಿ ಸ್ಥಾವರಗಳ ಕೆಳಮಟ್ಟದ ತ್ಯಾಜ್ಯ ದೂರದ ಬಾರ್ನ್‌ವೆಲ್, ಕ್ಲೈವ್ ಥರದ ವಿಲೇವಾರಿ ಜಾಗಗಳಿಗೆ ಹೋಗುತ್ತದೆ. ನಮ್ಮಲ್ಲಿ ತಾರಾಪುರ ಇರಲಿ, ಕೈಗಾ ಇರಲಿ, ಕೆಳ ಮತ್ತು ಮಧ್ಯಮ ಮಟ್ಟದ ಘನತ್ಯಾಜ್ಯ ಸ್ಥಾವರದ ಬೇಲಿ ಒಳಗೇ ಉಳಿಯುತ್ತದೆ. ಕಡಿಮೆ ಡೋಸಿನದು ಮಣ್ಣಿನ ಕಂದಕಕ್ಕೆ, ಅದಕ್ಕಿಂತ ಹೆಚ್ಚಿನದು ಕಾಂಕ್ರೀಟ್ ಟ್ರೆಂಚಿಗೆ, ಇನ್ನೂ ಹೆಚ್ಚಿನದು ಟೈಲ್ ಹೋಲ್ ಅನ್ನುವ ನೆಲದೊಳಗಿನ ಕೊಳವೆಗುಂಡಿಗೆ. ರಸ್ತೆಗೆ ಬರುವುದು ಬಳಸಿದ ಇಂಧನ, ಪರೀಕ್ಷೆಯ ತುಂಡುಗಳು, ಉಪಕರಣಗಳು, ಹಳೆಯ ವಿಕಿರಣ ಮೂಲಗಳು. ಬಳಸಿದ ಇಂಧನದ ಫ್ಲಾಸ್ಕ್‌ಗೆ 9 ಮೀಟರಿನಿಂದ ಬೀಳಿಸುವ, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಇಡುವ ಪರೀಕ್ಷೆ ಇದೆ. ಅದರ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಯಾರೂ ಕಣ್ಣು ಹಾಯಿಸದ ಸಣ್ಣ ಪೆಟ್ಟಿಗೆಯೇ ನನಗೆ ಚಿಂತೆ.

2010ರ ದೆಹಲಿಯ ಮಾಯಾಪುರಿ ನೆನಪಿಸಿಕೊಳ್ಳಿ. ಅದು ಸ್ಥಾವರದಿಂದ ಬಂದದ್ದಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಗಾಮಾ ಸೆಲ್, ಅಂದರೆ ಪ್ರಯೋಗಕ್ಕೆ ಗಾಮಾ ಕಿರಣ ಕೊಡುವ ಯಂತ್ರ. ಒಳಗೆ ಕೋಬಾಲ್ಟ್-60. ಹರಾಜಿನಲ್ಲಿ ಗುಜರಿಗೆ ಹೋಯಿತು, ಗುಜರಿಯಲ್ಲಿ ಬಿಚ್ಚಿದರು, ಒಬ್ಬರು ಸತ್ತರು. ಬಿಚ್ಚಿದವರಿಗೆ ಒಳಗೇನಿದೆ ಅಂತ ಗೊತ್ತಿರಲಿಲ್ಲ.

ಅದಕ್ಕೇ ಮೀಟರ್ ಮೊದಲಾ ನಿಯಮ ಮೊದಲಾ ಅನ್ನುವ ಲೆಕ್ಕ ಬಿಡಿ. ಮೀಟರನ್ನು ಒಂದು ವಾರದಲ್ಲಿ ಯಾರಾದರೂ ಕಲಿಸುತ್ತಾರೆ. ತ್ಯಾಜ್ಯ ವಿಲೇವಾರಿಯ 1987ರ ನಿಯಮ, ವಿಕಿರಣ ಸುರಕ್ಷತೆಯ 2004ರ ನಿಯಮ, ಸಾಗಣೆಯ ಸುರಕ್ಷತಾ ಸಂಹಿತೆ, ಇವನ್ನು ಕೂತು ಓದಿದರೆ ಬರುತ್ತವೆ. ಬರದೇ ಇರುವುದು ಕೇಳುವ ಅಭ್ಯಾಸ. ಪ್ಯಾಕಿಂಗ್ ಶೆಡ್ಡಿಗೆ ಬೆಳಿಗ್ಗೆಯೇ ಹೋಗಿ ನಿಲ್ಲಿ, ಮುಚ್ಚಳ ಬೀಳುವುದಕ್ಕೆ ಮುಂಚೆ. ದೂರದಲ್ಲೇ ನಿಲ್ಲಿ, ಆದರೆ ನೋಡಿ. ಫಿಟ್ಟರ್ ಜೊತೆ, ಕ್ರೇನಿನವರ ಜೊತೆ ಮಾತಾಡುವಷ್ಟು ಹಿಂದಿ, ಮರಾಠಿ ಇಟ್ಟುಕೊಳ್ಳಿ. ಪುಣೆಯಲ್ಲಿದ್ದವರಿಗೆ ಅದು ಕಷ್ಟವಲ್ಲ. ಸ್ಥಾವರದ ನೀರನ್ನು ಶುದ್ಧ ಮಾಡಿ ಮುಗಿದ ರೆಸಿನ್ ಕಾಳುಗಳ ಡ್ರಮ್ ನೋಡುವಾಗ ಇದು ಯಾವ ಟ್ಯಾಂಕಿನದು, ಯಾವಾಗ ತೆಗೆದದ್ದು, ನೀರು ಪೂರ್ತಿ ಹೋಗಿದೆಯಾ, ಸಿಮೆಂಟಿನಲ್ಲೋ ಪಾಲಿಮರಿನಲ್ಲೋ ಗಟ್ಟಿಯಾಗಿದೆಯಾ ಅಂತ ಕೇಳಿ. ಡ್ರಮ್ಮಿನ ನಡು ಮಾತ್ರ ಅಳೆದು ಬಿಡಬೇಡಿ, ತಳವೂ ನೋಡಿ. ರೆಸಿನ್ ಕೆಳಗೆ ಕೂರುತ್ತದೆ. ತೂಕದ ಚೀಟಿ ಕಂಡ ಕೂಡಲೇ ಕಳೆಯಿರಿ. ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ.

ಕೆಲವರು ಇದನ್ನು ಅತಿ ಅನ್ನುತ್ತಾರೆ. ತಪಾಸಕ ಪ್ಯಾಕಿಂಗಿನಲ್ಲಿ ತಲೆ ಹಾಕಬಾರದು, ಕಾಗದ ನೋಡಬೇಕು, ಮಾದರಿಗೆ ನಾಲ್ಕು ಅಳೆಯಬೇಕು, ಮಿಕ್ಕದ್ದು ಸ್ಥಾವರದ ಜವಾಬ್ದಾರಿ ಅನ್ನುತ್ತಾರೆ. ಜವಾಬ್ದಾರಿ ಅವರದ್ದೇ, ನಿಜ. ಆದರೆ ಕಾಗದ ಬರೆದವರೇ ಪೆಟ್ಟಿಗೆಯನ್ನೂ ತುಂಬಿರುತ್ತಾರೆ. ಕಾಗದವನ್ನು ಕಾಗದದ ಜೊತೆ ತಾಳೆ ಹಾಕಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಅಮ್ಮನ ಹೆದರಿಕೆಯ ವಿಷಯ. ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರೆ. ನಿಮ್ಮ ಮೈಗೆ ಬಿದ್ದ ಡೋಸನ್ನು ದಾಖಲಿಸುವ ಬ್ಯಾಡ್ಜ್ ಅದು. ಒಳಗೆ ಮೂರು ಬಿಲ್ಲೆ ಇರುತ್ತವೆ, ಅವು ಕುಡಿದ ಡೋಸನ್ನು ಆಗಾಗ ಓದಿ ವರದಿ ಕಳಿಸುತ್ತಾರೆ. ನಮ್ಮಲ್ಲಿ ಕೆಲಸಗಾರರಿಗೆ ಯಾವ ವರ್ಷವೂ 30 ಮಿಲಿಸೀವರ್ಟ್ ಮೀರುವಂತಿಲ್ಲ, ಐದು ವರ್ಷದ ಸರಾಸರಿ ವರ್ಷಕ್ಕೆ 20ರ ಒಳಗಿರಬೇಕು. ಪೆಟ್ಟಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಬರುವ ತಪಾಸಕರ ವರದಿ ಇದರ ಹತ್ತಿರವೂ ಬರುವುದು ಅಪರೂಪ. ಊರಿಗೆ ಹೋದಾಗ ನಿಮ್ಮ ವರದಿಯನ್ನು ಅಮ್ಮನ ಕೈಗೇ ಕೊಡಿ, ಯಾವ ಅಂಕಿ ಏನು ಅಂತ ಕೂತು ತಿಳಿಸಿ. ಅರ್ಜಿಗೆ ಕೊನೆಯ ದಿನ ಹತ್ತಿರ ಇದೆ ಅಂತ ಬರೆದಿದ್ದೀರಿ. ಹಾಕಿಬಿಡಿ.