ಡಬ್ಬಿಯ ಅಕ್ಕಿ ನೋಡುವುದು ಪಾಪವಲ್ಲ

ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳ ಕ್ರೈಸ್ತ ಸಭೆಗಳಲ್ಲಿ 31 ವರ್ಷ ಸೇವೆ ಮಾಡಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದವು. ಮನೆಯಲ್ಲಿ ಕಷ್ಟ ಇದೆ, ದೇವರು ನಡೆಸುತ್ತಾನೆ ಎಂದು ನಂಬುವುದು ಹೇಗೆ? ಇದಕ್ಕೆ ಎಷ್ಟೋ ಸಲ ಉತ್ತರ ಬರೆದಾಯಿತು. ಆದರೂ ಮತ್ತೆ ಮತ್ತೆ ಬರುತ್ತದೆ. ನಾನು ಬರೆದದ್ದಕ್ಕಿಂತ ಜೋರಾಗಿ ಬೇರೆಯವರು ಮೊಬೈಲಿನಲ್ಲಿ ಕೂಗುತ್ತಿದ್ದಾರೆ, ಅದಕ್ಕೆ. ಪ್ರಾರ್ಥನೆ ಮಾಡಿ, ವಾಕ್ಯ ಓದಿ ಎಂದು ಇಲ್ಲಿ ಹೇಳುವುದಿಲ್ಲ, ಅದು ನಿಮಗೆ ಗೊತ್ತು. ಒಂದು ಪತ್ರಕ್ಕೆ ಕೂತು ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಅಯ್ಯನವರಿಗೆ ವಂದನೆ. ನಮ್ಮದು ಸಿಂಧನೂರು ಹತ್ತಿರದ ಊರು. ಐದು ಎಕರೆ ಲೀಜಿಗೆ ಹಿಡಿದು ಭತ್ತ ಹಚ್ಚಿದ್ದೆವು. ನಮ್ಮದು ಕಾಲುವೆಯ ಕೊನೆ ಭಾಗ. ನೀರು ತಲುಪಲಿಲ್ಲ, ಬೆಳೆ ಒಣಗಿತು. ಎರಡು ಮೈಕ್ರೋಫೈನಾನ್ಸ್ ಸಂಘದಲ್ಲಿ ಸಾಲ ಇದೆ, ವಾರ ವಾರ ಕಂತು. ನಮ್ಮ ಮನೆಯವರು ಸರಿಯಾಗಿ ಉಣ್ಣುವುದಿಲ್ಲ, ನಡುರಾತ್ರಿ ಎದ್ದು ಹೋಗಿ ಬದುವಿನ ಮೇಲೆ ಕೂರುತ್ತಾರೆ. ಮೊಬೈಲಿನಲ್ಲಿ ಪ್ರಸಂಗ ಮಾಡುವ ಒಬ್ಬ ದೇವರ ಸೇವಕರು, ನಾಳೆಯ ಚಿಂತೆ ಮಾಡುವವರಿಗೆ ನಂಬಿಕೆಯಿಲ್ಲ, ಐದು ಸಾವಿರ ಬೀಜ ಕಾಣಿಕೆ ಹಾಕಿದರೆ ನೂರರಷ್ಟು ವಾಪಸ್ ಬರುತ್ತದೆ ಎಂದರು. ನಾನು ದಿನಾ ರಾತ್ರಿ ಡಬ್ಬಿ ಮುಚ್ಚಳ ತೆಗೆದು ಅಕ್ಕಿ ಎಷ್ಟಿದೆ ಎಂದು ನೋಡುತ್ತೇನೆ. ಇದು ಪಾಪವಾ? ಸಭೆಯಲ್ಲಿ ಹೇಳಲು ನಾಚಿಕೆ. ದೇವರನ್ನು ನಂಬಿದವರು ಜನರ ಮುಂದೆ ಕೈ ಚಾಚಬಹುದಾ?

ಉತ್ತರ: ತಾಯಿ, ಮೊದಲು ನಿಮ್ಮ ಮನೆಯವರ ವಿಷಯ. ಅಕ್ಕಿ, ಸಾಲ, ಕಾಣಿಕೆ ಎಲ್ಲ ಆಮೇಲೆ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಇವತ್ತೇ ತೆಗೆದು ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿ ಇಡಿ. ರಾತ್ರಿ ಅವರೊಬ್ಬರನ್ನೇ ಬಿಡಬೇಡಿ. ಅವರ ಅಣ್ಣ ತಮ್ಮಂದಿರಲ್ಲಿ ಒಬ್ಬರನ್ನು ಮನೆಯಲ್ಲಿ ಮಲಗಲು ಕರೆಯಿರಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಇದು ನಂಬಿಕೆಗೆ ವಿರೋಧ ಎಂದು ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ.

ಎಲೀಯ ದೊಡ್ಡ ಪ್ರವಾದಿ. ಅವನೂ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಎಂದ. ಒಂದನೇ ಅರಸುಗಳು 19ನೇ ಅಧ್ಯಾಯ ಓದಿ ನೋಡಿ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ನಿನಗೆ ನಂಬಿಕೆಯಿಲ್ಲ ಎಂದು ಬೈಯಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೇ ಸಲ ಬಂದಾಗಲೂ ಎದ್ದು ಊಟ ಮಾಡು ಎಂದೇ ಹೇಳಿದ. ನಿಮ್ಮ ಮನೆಯವರಿಗೂ ಈಗ ಬೇಕಾದದ್ದು ಅದೇ. ಊಟ, ನಿದ್ದೆ, ಪಕ್ಕದಲ್ಲಿ ಒಬ್ಬ ಮನುಷ್ಯ.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ನಾಳೆಯ ಚಿಂತೆ ಮಾಡಬೇಡಿ ಎಂದು ಯೇಸು ಹೇಳಿದ್ದು ನಿಜ. ಆದರೆ ಆಯಾ ದಿನದ ಕಷ್ಟ ಆಯಾ ದಿನಕ್ಕೆ ಸಾಕು ಎಂಬುದೂ ಅದೇ ವಾಕ್ಯದಲ್ಲಿದೆ. ಮತ್ತಾಯ 6ನೇ ಅಧ್ಯಾಯ, 34ನೇ ವಚನ. ಆ ಸೇವಕರು ಅರ್ಧ ಓದಿ ಪುಸ್ತಕ ಮುಚ್ಚಿದ್ದಾರೆ. ಇವತ್ತಿನ ಕಷ್ಟ ಕಷ್ಟವೇ ಎಂದು ಕರ್ತನೇ ಒಪ್ಪಿಕೊಂಡಿದ್ದಾನೆ. ಅದನ್ನು ಇಲ್ಲ ಅನ್ನಲು ನಿಮಗೆ ಹೇಳುವವರು ಯಾರು?

ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ ಮನ್ನ, ಅದರ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿರುವ ಅಳತೆಯನ್ನು ಯಾರೂ ನೋಡುವುದಿಲ್ಲ. ತಲೆಗೆ ಒಂದು ಓಮೆರ್ ಎಂದು ದೇವರೇ ಲೆಕ್ಕ ಹೇಳಿದ. ಈಗಿನ ಲೆಕ್ಕದಲ್ಲಿ ಸುಮಾರು ಎರಡು ಲೀಟರ್. ಮನೆಯಲ್ಲಿ ಎಷ್ಟು ತಲೆ ಇವೆ ಎಂದು ಎಣಿಸದೆ ಅದನ್ನು ಅಳೆಯಲು ಆಗುತ್ತಿರಲಿಲ್ಲ ಅಲ್ವಾ? ಬೆಳಿಗ್ಗೆ ಎದ್ದು ಹೋಗಿ ಕೂಡಿಸಬೇಕಿತ್ತು, ಬಿಸಿಲೇರಿದರೆ ಕರಗಿ ಹೋಗುತ್ತಿತ್ತು. ತಂದದ್ದನ್ನು ಬೀಸುಕಲ್ಲಲ್ಲಿ ಬೀಸಿ, ಇಲ್ಲವೇ ಒರಳಲ್ಲಿ ಕುಟ್ಟಿ ಬೇಯಿಸುತ್ತಿದ್ದರು ಎಂದು ಅರಣ್ಯಕಾಂಡ 11ರಲ್ಲಿದೆ. ಬರೀ ಮರುದಿನಕ್ಕೆ ಇರಲಿ ಎಂದು ಎತ್ತಿಟ್ಟವರದ್ದು ಹುಳ ಬಿತ್ತು, ನಿಜ. ಆದರೆ ಆರನೇ ದಿನ ಎರಡು ಪಾಲು ಎತ್ತಿಡಿ ಎಂದು ಹೇಳಿದವನೂ ಅದೇ ದೇವರು. ಕಾನಾನ್ ದೇಶದ ಬೆಳೆ ಉಂಡ ಮರುದಿನವೇ ಮನ್ನ ನಿಂತಿತು, ಯೆಹೋಶುವ 5ನೇ ಅಧ್ಯಾಯ. ಅಂದರೆ ದೇವರು ಕೈಬಿಟ್ಟ ಅಂತಲ್ಲ. ಅಲ್ಲಿಂದ ಮುಂದೆ ಅದೇ ಕೈ ಹೊಲದಿಂದ ಕೊಟ್ಟಿತು. ಡಬ್ಬಿ ಮುಚ್ಚಳ ತೆಗೆದು ನೋಡುವುದು ಅಪನಂಬಿಕೆಯಲ್ಲ, ತಾಯಿ. ಅದು ಮನೆ ನಡೆಸುವವಳ ಕೆಲಸ. ನೋಡಿದ್ದನ್ನು ಒಬ್ಬರೇ ಇಟ್ಟುಕೊಂಡು ರಾತ್ರಿಯಿಡೀ ಎಚ್ಚರ ಇರುತ್ತೀರಲ್ಲ, ಅದು ಬೇಡ.

ಇನ್ನು ಬೀಜ ಕಾಣಿಕೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಆ ಐದು ಸಾವಿರ ಕೊಡಬೇಡಿ. ಐದು ನೂರೂ ಕೊಡಬೇಡಿ. ಅವರು ಯಾವಾಗಲೂ ಸರೆಪ್ತದ ವಿಧವೆಯ ಕಥೆ ಹೇಳುತ್ತಾರೆ. ಕೊನೆಯ ಹಿಡಿ ಹಿಟ್ಟಿನಲ್ಲಿ ಮೊದಲು ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಳು, ಆಮೇಲೆ ಮಡಕೆ ಬರಿದಾಗಲಿಲ್ಲ ಎಂದು. ಅದರ ಮುಂದಿನದನ್ನು ಹೇಳುವುದಿಲ್ಲ. ಎಲೀಯ ರೊಟ್ಟಿ ಇಸಿದುಕೊಂಡು ಮುಂದಿನ ಊರಿಗೆ ಹೋಗಲಿಲ್ಲ. ಅದೇ ಮನೆಯಲ್ಲಿ ಉಳಿದ, ಬಹಳ ದಿನ ಅದೇ ಮಡಕೆಯ ಹಿಟ್ಟು ಉಂಡ. ಅವಳ ಮಗ ಸತ್ತಾಗ ಆ ಹುಡುಗನನ್ನು ಎತ್ತಿಕೊಂಡು ದೇವರ ಮುಂದೆ ಗೋಳಾಡಿದ. ನಿಮ್ಮಿಂದ ಫೋನಿನಲ್ಲಿ ಹಣ ಹಾಕಿಸಿಕೊಳ್ಳುವವರು ನಿಮ್ಮ ಮನೆಗೆ ಬಂದು ನಿಮ್ಮ ಗಂಜಿ ಉಣ್ಣುತ್ತಾರಾ?

ನಿಮಗೆ ಹೊಂದುವ ಕಥೆ ಎರಡನೇ ಅರಸುಗಳು 4ನೇ ಅಧ್ಯಾಯದಲ್ಲಿದೆ. ಒಬ್ಬ ಪ್ರವಾದಿಯ ಶಿಷ್ಯ ಸಾಲ ಬಿಟ್ಟು ಸತ್ತಿದ್ದಾನೆ. ದೇವರಿಗೆ ಭಯಪಟ್ಟು ನಡೆದವನು ಎಂದು ಅಲ್ಲೇ ಬರೆದಿದೆ. ಸಾಲ ಇದ್ದವರೆಲ್ಲ ದೇವರ ಸಿಟ್ಟಿಗೆ ಗುರಿಯಾದವರು ಎನ್ನುವವರು ಆ ಒಂದು ವಚನ ಓದಲಿ. ಸಾಲ ಕೊಟ್ಟವನು ಅವನ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಆ ತಾಯಿ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಪ್ರವಾದಿ ಎಲೀಷನ ಮುಂದೆ ಹೋಗಿ ಕೂಗಿಕೊಂಡಳು. ಅವನು ಕೇಳಿದ್ದು ಕಾಣಿಕೆಯನ್ನಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಒಂದು ಸಣ್ಣ ಪಾತ್ರೆ ಎಣ್ಣೆ. ಅಕ್ಕಪಕ್ಕದವರ ಹತ್ತಿರ ಹೋಗಿ ಬರಿ ಪಾತ್ರೆ ಕೇಳಿ ತಾ, ಕಮ್ಮಿ ತರಬೇಡ ಎಂದ. ಎಣ್ಣೆ ನಿಂತದ್ದು ಪಾತ್ರೆ ಮುಗಿದಾಗ. ಅದ್ಭುತ ನಡೆದದ್ದು ನೆರೆಯವರ ಪಾತ್ರೆಗಳಲ್ಲಿ! ಕೊನೆಗೆ ಅವನು ಹೇಳಿದ ಮಾತು ನೋಡಿ. ಹೋಗಿ ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ. ನನಗೆ ಹತ್ತರಲ್ಲಿ ಒಂದು ಕೊಡು ಎನ್ನಲಿಲ್ಲ.

ಜನರ ಮುಂದೆ ಕೈ ಚಾಚಬಹುದಾ ಎಂದು ಕೇಳಿದಿರಿ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುವಾಗ 'ನಮ್ಮ' ಎನ್ನುತ್ತೇವೆ, 'ನನ್ನ' ಎನ್ನುವುದಿಲ್ಲ. 'ಈ ಹೊತ್ತು' ಎನ್ನುತ್ತೇವೆ. ನಿಮ್ಮ ಮನೆಯ ಈ ಹೊತ್ತಿನ ಅಕ್ಕಿಗಾಗಿ ಇಡೀ ಸಭೆ ಪ್ರತಿ ಭಾನುವಾರ ಕೇಳುತ್ತಿದೆ. ಅದರಲ್ಲಿ ಒಂದಿಷ್ಟು ಪಕ್ಕದ ಮನೆಯ ಡಬ್ಬಿಗೆ ಬಂದಿರಬಹುದು. ನೀವು ಹೇಳದಿದ್ದರೆ ಅದು ಅಲ್ಲೇ ಉಳಿಯುತ್ತದೆ.

1972ರ ಬರದಲ್ಲಿ ನಾನು ಚಿಕ್ಕ ಹುಡುಗ. ಅವ್ವ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದಳು. ಕೂಲಿ ತಡವಾದ ವಾರ ನನ್ನ ಕೈಗೆ ಹಿತ್ತಾಳೆ ಬಟ್ಟಲು ಕೊಟ್ಟು, ಖಾದರಬಿ ಅತ್ತೆ ಅನ್ನುತ್ತಿದ್ದೆವಲ್ಲ, ಆ ಪಕ್ಕದ ಮನೆಗೆ ಕಳಿಸುತ್ತಿದ್ದಳು. ಹಿಟ್ಟು ಕೈಗಡ ಕೊಡಬೇಕಂತೆ ಎನ್ನುವುದು ನನ್ನ ಪಾಠ. ಆಕೆ ಬಟ್ಟಲು ತುಂಬಿಸಿ, ಅಂಗೈಯಿಂದ ಒತ್ತಿ, ಮೇಲೆ ಇನ್ನೊಂದು ಹಿಡಿ ಹಾಕುತ್ತಿದ್ದಳು. ಗೋಪುರದ ಹಾಗೆ ಏರಿದ ಜೋಳದ ಹಿಟ್ಟು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಾನು ಮೆಲ್ಲಗೆ ನಡೆಯುತ್ತಿದ್ದೆ. ಕೂಲಿ ಬಂದ ದಿನ ಅವ್ವ ಅದೇ ಬಟ್ಟಲನ್ನು ಅಷ್ಟೇ ಏರಿಸಿ ವಾಪಸ್ ಕಳಿಸುತ್ತಿದ್ದಳು. ರೊಟ್ಟಿ ತಟ್ಟುವ ಮುಂಚೆ ಅಪ್ಪ ಪ್ರಾರ್ಥನೆ ಮಾಡುವಾಗ ಆ ಮನೆಯವರ ಹೆಸರು ಹೇಳಿ ದೇವರಿಗೆ ವಂದನೆ ಹೇಳುತ್ತಿದ್ದರು. ನಾನು ದೇವರ ಪೋಷಣೆ ಕಲಿತದ್ದು ಆ ಬಟ್ಟಲಿನಲ್ಲಿ. ಬೈಬಲ್ ಕಾಲೇಜು ಆಮೇಲೆ.

ಸಭೆಯ ಹಿರಿಯರೂ ಇದನ್ನು ಓದುತ್ತೀರಿ ಎಂದು ಗೊತ್ತು. ಉಡಲು ಉಣ್ಣಲು ಇಲ್ಲದವರಿಗೆ, ಹೋಗಿ ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದು ಬರೀ ಹೇಳಿದರೆ ಏನು ಬಂತು ಎಂದು ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬ ಕೇಳಿದ್ದು ನಮ್ಮನ್ನೇ. ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ತಪ್ಪಾದಾಗ ಏಳು ಜನರನ್ನು ಆರಿಸಿ ಆ ಕೆಲಸಕ್ಕೆ ನಿಲ್ಲಿಸಿದರು. ನಿಮ್ಮ ಸಭೆಯಲ್ಲಿ ಸೌಂಡ್ ಸಿಸ್ಟಮ್ ನೋಡಿಕೊಳ್ಳಲು ಜನ ಇದ್ದಾರೆ. ಅಕ್ಕಿ ಮುಗಿದ ಮನೆ ಯಾವುದು ಎಂದು ನೋಡುವವರು ಯಾರು? ಒಂದು ಸಹೋದರಿ ನಾಚಿಕೆಯಿಂದ ನನಗೆ ಕಾಗದ ಬರೆಯುವ ಹಾಗಾದರೆ ಅದು ಆಕೆಯ ತಪ್ಪಲ್ಲ.

ಸಾಲದ ಬಗ್ಗೆ. ನಾನು ವಕೀಲನಲ್ಲ, ಆದರೆ ಇಷ್ಟು ಗೊತ್ತು. ಎರಡೂ ಸಂಘದ ಪಾಸ್‌ಬುಕ್, ಆಧಾರ್, ಲೀಜಿನ ಕಾಗದ ಒಂದು ಚೀಲದಲ್ಲಿ ಹಾಕಿ. ನಿಮ್ಮ ಪಾಸ್ಟರ್ ಮತ್ತು ಲೆಕ್ಕ ಬಲ್ಲ ಒಬ್ಬ ಹಿರಿಯರ ಮುಂದೆ, ಮನೆಯವರನ್ನೂ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಬರೆಯಿರಿ. ಯಾರಿಗೆ ಎಷ್ಟು, ಕಂತು ಯಾವ ವಾರ, ಒಳಗೆ ಬರುವುದು ಎಷ್ಟು. ಎಷ್ಟೋ ಮನೆಗಳಲ್ಲಿ ಗಂಡನಿಗೆ ಹೆಂಡತಿಯ ಸಾಲ ಗೊತ್ತಿಲ್ಲ, ಹೆಂಡತಿಗೆ ಗಂಡನ ಕೈಸಾಲ ಗೊತ್ತಿಲ್ಲ. ಕಂತು ಕಟ್ಟಲು ಮೂರನೇ ಸಂಘದಲ್ಲಿ ಸಾಲ ಎತ್ತಬೇಡಿ. ಇದನ್ನು ಮಾತ್ರ ಮಾಡಲೇಬೇಡಿ. ಆಗುವುದಿಲ್ಲ ಎಂದು ನೀವೇ ಮೊದಲು ಹೋಗಿ ಹೇಳಿ, ಕಂತು ಸಣ್ಣದು ಮಾಡಿಕೊಡಿ ಎಂದು ಕೇಳಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡವು ಇಟ್ಟುಕೊಳ್ಳುವ ಹಾಗಿಲ್ಲ. ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಕಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ನಮ್ಮ ರಾಜ್ಯದಲ್ಲೂ 2025ರಲ್ಲಿ ಕಾನೂನು ಬಂತು. ಬಾಗಿಲಲ್ಲಿ ಕೂತು ಬೈದರೆ, ಹೆದರಿಸಿದರೆ, ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಸಭೆಯ ನಾಲ್ಕು ಜನ ಜೊತೆಗೆ ಬರಲಿ. ಬೀಸುಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡಿ, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ನೆಹೆಮೀಯ ಹೊಲ, ತೋಟ, ಮನೆ ಒತ್ತೆ ಹಿಡಿದವರನ್ನು ಸಭೆ ಸೇರಿಸಿ ಗದರಿಸಿ ವಾಪಸ್ ಕೊಡಿಸಿದ. ಸಾಲದ ಜಗಳಕ್ಕೆ ಸೇವಕರು ಬರಬಾರದು ಎನ್ನುವವರು ಅದನ್ನು ಓದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಮರುದಿನ ಭಾನುವಾರ. ಸಭೆಯಲ್ಲಿ ಎಲ್ಲರೂ ಮೊಣಕಾಲೂರಿ ಅತ್ತೆವು. ಅದೇ ವಾರದಲ್ಲಿ ಕೆಲಸಗಾರರು ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ನೀರು ನಿಲ್ಲಿಸಿದರು. ನೀರು ಉಳಿಸಿದ್ದು ದೇವರೋ ಇಂಜಿನಿಯರೋ ಎಂದು ಒಬ್ಬ ಹುಡುಗ ಕೇಳಿದ. ಕ್ರೇನಿನ ಕೆಳಗೆ ನಿಂತವರಿಗಾಗಿಯೇ ನಾವು ಪ್ರಾರ್ಥನೆ ಮಾಡಿದ್ದು ಎಂದೆ. ನಿಮ್ಮ ವಿಷಯದಲ್ಲೂ ನಾನು ಹೇಳುವುದು ಅಷ್ಟೇ, ತಾಯಿ. ಮೊಣಕಾಲೂರಿ. ಎದ್ದು ಚೀಲ ಹಿಡಿದು ಪಾಸ್ಟರ್ ಮನೆಗೆ ಹೋಗಿ.

ಪ್ರಶ್ನೆ: ಸಾಲ ಮಾಡಿಯಾದರೂ ದಶಮಾಂಶ ಕೊಡಬೇಕಾ? (ಗಂಗಾವತಿ)
ಬೇಡ. ಇಸ್ರಾಯೇಲ್ಯರು ಮೂರು ವರ್ಷಕ್ಕೊಮ್ಮೆ ಆ ಹತ್ತನೇ ಪಾಲನ್ನು ಅನಾಥರು, ವಿಧವೆಯರು, ಪರದೇಶಿಗಳು ಉಣ್ಣಲಿ ಎಂದು ಊರಲ್ಲೇ ಇಡಬೇಕಿತ್ತು. ಈಗ ನೀವು ಉಣ್ಣುವ ಸಾಲಿನಲ್ಲಿದ್ದೀರಿ.

ಪ್ರಶ್ನೆ: ಪ್ರಾರ್ಥಿಸಿದ ಎಣ್ಣೆ, ಕರವಸ್ತ್ರ ಹಣದ ಪೆಟ್ಟಿಗೆಯಲ್ಲಿಟ್ಟರೆ ಬರ್ಕತ್ ಆಗುತ್ತಾ? (ಬಳ್ಳಾರಿ)
ಇಲ್ಲ. ಮಾರುವವನಿಗೆ ಆಗುತ್ತದೆ. ಬಳ್ಳಾರಿಯವರೇ ಇದನ್ನು ಕೇಳಿದಾಗ ನನಗೆ ಜಾಸ್ತಿ ನೋವಾಗುತ್ತದೆ. 1810ರಲ್ಲಿ ನಿಮ್ಮ ಊರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅದು ಮನೆಯಲ್ಲಿದೆ. ತೆಗೆದು ಓದಿ.

ಪ್ರಶ್ನೆ: ಬೆಳೆ ವಿಮೆ ಮಾಡಿಸಿದರೆ ದೇವರನ್ನು ನಂಬಲಿಲ್ಲ ಎಂದಾಗುತ್ತಾ? (ಮಾನ್ವಿ)
ಬರ ಬರುವ ಮುಂಚೆಯೇ ಯೋಸೇಫ ಏಳು ವರ್ಷ ಬೆಳೆಯ ಐದನೇ ಒಂದು ಪಾಲು ಎತ್ತಿಟ್ಟ. ಕೊನೆಯ ದಿನಾಂಕದ ಒಳಗೆ ಮಾಡಿಸಿ.

ಪ್ರಶ್ನೆ: ರೇಷನ್ ಅಕ್ಕಿ ಉಣ್ಣುವುದು ವಿಶ್ವಾಸಿಗೆ ಅವಮಾನ ಅಲ್ವಾ? (ಲಿಂಗಸುಗೂರು)
ಅಲ್ಲ. ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಗುಳೆ ಹೊರಟಿದ್ದೇವೆ, ಬೆಂಗಳೂರಿನಲ್ಲಿ ಕಟ್ಟಡ ಕೆಲಸ. ಭಾನುವಾರದ ಆರಾಧನೆ ತಪ್ಪುತ್ತದೆ. ದೇವರು ಇಲ್ಲೇ ಕೊಡುತ್ತಾನೆ ಎಂದು ಕಾಯಬೇಕಾ? (ಕುಷ್ಟಗಿ)
ಬರ ಬಂದಾಗ ಯಾಕೋಬನ ಮನೆಯವರು ಐಗುಪ್ತಕ್ಕೆ ಹೋದರು, ನೊವೊಮಿಯ ಮನೆಯವರು ಮೋವಾಬಿಗೆ ಹೋದರು. ಹೋಗುವುದು ತಪ್ಪಲ್ಲ. ಮೇಸ್ತ್ರಿಯಿಂದ ಮುಂಗಡ ಜಾಸ್ತಿ ಎತ್ತಬೇಡಿ, ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ದಿನಗೂಲಿ ಎಷ್ಟು ಎಂದು ಹೊರಡುವ ಮುಂಚೆಯೇ ಮಾತಾಡಿ, ಬರೆದಿಟ್ಟುಕೊಳ್ಳಿ. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಲು ಆಗುತ್ತದಾ ನೋಡಿ. ಬಿಟ್ಟು ಹೋಗುವುದಾದರೆ ಹೆಡ್‌ಮಾಸ್ತರರಿಗೂ ಸಭೆಯವರಿಗೂ ಅಜ್ಜಿಯ ಫೋನ್ ನಂಬರ್ ಕೊಟ್ಟು ಹೋಗಿ.