ಇಂಗ್ಲೆಂಡೂ ಇಂಗ್ಲಿಷೇ, ಆಸ್ಟ್ರೇಲಿಯಾವೂ ಇಂಗ್ಲಿಷೇ: ನರ್ಸ್ ಆಗಿ ಹೊರಟವರಿಗೆ ಏನು ವ್ಯತ್ಯಾಸ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಒಇಟಿ, ಅಂದರೆ ಆಸ್ಪತ್ರೆ ಕೆಲಸದವರಿಗಿರುವ ಇಂಗ್ಲಿಷ್ ಪರೀಕ್ಷೆ, ಪಾಸಾಗಿದೆ. ಇಂಗ್ಲೆಂಡಿಗೆ ಹೋಗಲೋ ಆಸ್ಟ್ರೇಲಿಯಾಕ್ಕೋ ಅಂತ ಯೋಚನೆ. ಎರಡೂ ಕಡೆ ಇಂಗ್ಲಿಷೇ ತಾನೆ? ಮಾತು, ಊಟ, ದಿನದ ಬದುಕಿನಲ್ಲಿ ಅಂಥ ವ್ಯತ್ಯಾಸ ಏನಿದೆ? ಮನೆಯ ಮಿಕ್ಸಿ ಒಯ್ಯಬಹುದಾ?

ಉತ್ತರ:

ನಾನೂ ನರ್ಸೇ. ಓದಿದ್ದು ಮಂಗಳೂರಿನಲ್ಲಿ. ಮೊದಲು ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಮಾಡಿದೆ, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಹಾಗಾಗಿ ಎರಡೂ ಕಡೆಯದನ್ನು ಹೇಳಬಲ್ಲೆ.

ಹೊರಡುವ ಮೊದಲು ಎಲ್ಲರೂ ಹೆದರುವುದು ಉಚ್ಚಾರಣೆಗೆ. ಅವರು ಹೇಳಿದ್ದು ಅರ್ಥ ಆಗದಿದ್ದರೆ ಏನು ಗತಿ ಅಂತ. ಆದರೆ ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳುತ್ತೀರಿ, ಅವರೂ ಬೇಸರ ಇಲ್ಲದೆ ಹೇಳುತ್ತಾರೆ. ತೊಂದರೆ ಕೊಡುವುದು ನಮಗೆ ಆಗಲೇ ಗೊತ್ತಿರುವ ಪದಗಳು. ಟೀ, ಡಿನ್ನರ್, ಸಿಸ್ಟರ್, ಸರ್ಜರಿ, ಗ್ರೇವಿ. ಇವೆಲ್ಲ ಗೊತ್ತು ಅಂದುಕೊಂಡು ನಾವು ಕೇಳುವುದೇ ಇಲ್ಲ ನೋಡಿ.

ಡಿನ್ನರ್ ಅನ್ನೇ ತೆಗೆದುಕೊಳ್ಳಿ. ಲೀಡ್ಸ್ ಕಡೆಯ ವಯಸ್ಸಾದವರಿಗೆ ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಶಾಲೆಯಲ್ಲಿ ಮಧ್ಯಾಹ್ನ ಊಟ ಬಡಿಸುವವರನ್ನು ಅಲ್ಲಿ ಇವತ್ತಿಗೂ ಡಿನ್ನರ್ ಲೇಡಿ ಅಂತಲೇ ಕರೆಯುತ್ತಾರೆ. ಟೀ ಅಂದರೆ ಸಂಜೆ ಐದು ಆರು ಗಂಟೆಗೆ ಮಾಡುವ ಪೂರ್ತಿ ಊಟ, ಆಲೂಗಡ್ಡೆ, ಮಾಂಸ, ತರಕಾರಿ ಎಲ್ಲ ಸೇರಿ. ಮಲಗುವ ಮುಂಚೆ ಒಂದು ಟೋಸ್ಟ್ ತಿಂದರೆ ಅದು ಸಪ್ಪರ್. ಲಂಡನ್ನಿನವರನ್ನು ಕೇಳಿದರೆ ಡಿನ್ನರ್ ರಾತ್ರಿಗೆ ಹೋಗುತ್ತದೆ. ನಗುವ ವಿಷಯ ಅನ್ನಿಸಬಹುದು. ಆದರೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜ "ನಾನು ಡಿನ್ನರ್ ಮಾಡಿಲ್ಲ" ಅಂದಾಗ ಅವರು ಬಿಟ್ಟದ್ದು ಯಾವ ಹೊತ್ತಿನ ಊಟ? ನಮ್ಮ ವಾರ್ಡಿನಲ್ಲಿ ಹೊರಗಿನಿಂದ ಬಂದ ನರ್ಸ್‌ಗಳೆಲ್ಲ ಒಂದು ಅಭ್ಯಾಸ ಮಾಡಿಕೊಂಡಿದ್ದೆವು. ಊಟದ ಹೆಸರು ಕೇಳುತ್ತಿರಲಿಲ್ಲ, "ಕೊನೆಗೆ ತಿಂದದ್ದು ಎಷ್ಟು ಗಂಟೆಗೆ?" ಅಂತ ಕೇಳುತ್ತಿದ್ದೆವು. ಆಸ್ಟ್ರೇಲಿಯಾದಲ್ಲೂ ಹಳೆಯ ತಲೆಮಾರಿನವರು ರಾತ್ರಿ ಊಟಕ್ಕೆ ಟೀ ಅನ್ನುತ್ತಾರೆ. ಹಾಗಾಗಿ ಈ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬಂದಿದೆ.

ಸಿಸ್ಟರ್ ವಿಷಯ ನಿಮಗೆ ಮೊದಲ ದಿನವೇ ಎದುರಾಗುತ್ತದೆ. ನಮ್ಮಲ್ಲಿ ನಿನ್ನೆ ಸೇರಿದ ಹುಡುಗಿಯೂ ಸಿಸ್ಟರ್. ಇಂಗ್ಲೆಂಡಿನಲ್ಲಿ ಅದೊಂದು ಹುದ್ದೆ, ವಾರ್ಡ್ ನೋಡಿಕೊಳ್ಳುವ ಹಿರಿಯ ನರ್ಸ್‌ಗೆ ಮಾತ್ರ. ಅದೇ ಜಾಗದಲ್ಲಿ ಗಂಡಸಿದ್ದರೆ ಚಾರ್ಜ್ ನರ್ಸ್. ಉಳಿದವರನ್ನೆಲ್ಲ ಹೆಸರು ಹಿಡಿದೇ ಕರೆಯಬೇಕು. ದೊಡ್ಡ ಡಾಕ್ಟರನ್ನು ಹೆಸರಿನಿಂದ ಕರೆಯಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ, ಅದು ನಿಧಾನಕ್ಕೆ ರೂಢಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಸರ್ಜನ್‌ಗೆ ಡಾಕ್ಟರ್ ಅನ್ನದೆ ಮಿಸ್ಟರ್ ಅನ್ನುತ್ತಾರೆ, ಅದು ಗೌರವವೇ. ಇನ್ನು ಸರ್ಜರಿ ಅಂದರೆ ಅಲ್ಲಿ ಆಪರೇಷನ್ ಒಂದೇ ಅಲ್ಲ, ಬಡಾವಣೆಯ ಡಾಕ್ಟರ ಕ್ಲಿನಿಕ್ಕಿಗೂ ಅದೇ ಹೆಸರು. "ಬೆಳಿಗ್ಗೆ ಸರ್ಜರಿಗೆ ಹೋಗಿದ್ದೆ" ಅಂತ ಯಾರಾದರೂ ಅಂದರೆ ಗಾಬರಿಯಾಗಬೇಡಿ, ಕೆಮ್ಮಿಗೆ ಔಷಧಿ ಬರೆಸಿಕೊಂಡು ಬಂದಿರುತ್ತಾರೆ.

ಹುಷಾರಿಲ್ಲ ಅನ್ನುವುದಕ್ಕೂ ಒಂದೊಂದು ಕಡೆ ಒಂದೊಂದು ರೀತಿ. ಲೀಡ್ಸ್‌ನಲ್ಲಿ ಪೂರ್ಲಿ ಅನ್ನುತ್ತಾರೆ. "ಇವತ್ತು ಅಷ್ಟು ಕ್ಲೆವರ್ ಅನ್ನಿಸುತ್ತಿಲ್ಲ" ಅಂದರೂ ಮೈ ಸರಿಯಿಲ್ಲ ಅಂತಲೇ ಅರ್ಥ, ಬುದ್ಧಿಯ ಮಾತೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಕ್ರುಕ್ ಅನ್ನುತ್ತಾರೆ. ಅಜ್ಜಿ ತನ್ನ ಗಂಡನನ್ನು ತೋರಿಸಿ "ಇವನು ವಾರದಿಂದ ಕ್ರುಕ್" ಅಂದರೆ ಕಳ್ಳ ಅಂತ ಬೈಯುತ್ತಿಲ್ಲ. ಮತ್ತೊಂದು ಸಂಗತಿ, ಎರಡೂ ದೇಶದ ಹಳಬರು ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ. ಸೊಂಟದ ಮೂಳೆ ಮುರಿದವರೂ "ಸ್ವಲ್ಪ ನೋವಿದೆ" ಅನ್ನುತ್ತಾರೆ. ಅವರ ಮಾತು ನಂಬುವುದಕ್ಕಿಂತ ಮುಖ ನೋಡಿ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿ.

ತುರ್ತು ಫೋನ್ ನಂಬರುಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಆದರೆ ಇಂಗ್ಲೆಂಡಿನಲ್ಲಿ 111 ಒತ್ತಿದರೆ ತುರ್ತಲ್ಲದ ಆರೋಗ್ಯ ಸಲಹೆಯ ಲೈನು ಸಿಗುತ್ತದೆ. ನಮ್ಮ 112 ಬ್ರಿಟನ್ನಿನಲ್ಲೂ ನಡೆಯುತ್ತದೆ, ಆಸ್ಟ್ರೇಲಿಯಾದಲ್ಲಿ ಮೊಬೈಲಿನಿಂದ ನಡೆಯುತ್ತದೆ.

ಈಗ ಉಚ್ಚಾರಣೆಗೆ ಬರೋಣ. ಇಂಗ್ಲೆಂಡ್ ಚಿಕ್ಕ ದೇಶ, ಆದರೆ ಮಂಗಳೂರಿನಿಂದ ಧಾರವಾಡಕ್ಕೆ ಬರುವಷ್ಟರಲ್ಲಿ ಕನ್ನಡ ಎಷ್ಟು ಬದಲಾಗುತ್ತದೋ ಅಲ್ಲೂ ಹಾಗೆಯೇ. ಲೀಡ್ಸ್‌ನಿಂದ ನ್ಯೂಕಾಸಲ್‌ಗೆ ಹೆಚ್ಚೂಕಡಿಮೆ 150 ಕಿಲೋಮೀಟರ್. ಅಲ್ಲಿಯವರ ಮಾತು ಲೀಡ್ಸ್‌ನವರಿಗೇ ಕೆಲವೊಮ್ಮೆ ತಿಳಿಯುವುದಿಲ್ಲ. ಇತ್ತ ಆಸ್ಟ್ರೇಲಿಯಾದಲ್ಲಿ ಪರ್ತ್‌ನಿಂದ ಸಿಡ್ನಿಗೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ. ಆದರೂ ಇಬ್ಬರ ಮಾತು ಕೇಳಿದರೆ ಯಾರು ಯಾವ ಊರಿನವರು ಅಂತ ಹೇಳುವುದು ಕಷ್ಟ. ಕಾರಣ ಸರಳ. ಇಂಗ್ಲೆಂಡಿನಲ್ಲಿ ಹಳ್ಳಿ ಹಳ್ಳಿಯ ಮಾತು ಸಾವಿರಕ್ಕೂ ಹೆಚ್ಚು ವರ್ಷ ಅಲ್ಲಲ್ಲೇ ಬೆಳೆದದ್ದು. ಆಸ್ಟ್ರೇಲಿಯಾಕ್ಕೆ ಬ್ರಿಟಿಷ್ ಹಡಗುಗಳು ಬಂದು ವಸಾಹತು ಶುರುವಾದದ್ದು 1788ರಲ್ಲಿ. ನಾನಾ ಕಡೆಯಿಂದ ಬಂದವರ ಮಕ್ಕಳು ಒಟ್ಟಿಗೆ ಆಡಿ ಬೆಳೆದು ಒಂದೇ ಬಗೆಯ ಮಾತು ಹುಟ್ಟಿತು, ಅದೇ ದೇಶವೆಲ್ಲ ಹರಡಿತು.

ಕಿವಿಗೆ ಹೇಗೆ ಬೀಳುತ್ತದೆ ಅಂದರೆ, ಲೀಡ್ಸ್‌ನಲ್ಲಿ ಬಸ್ ಹೋಗಿ ಬುಸ್, ಕಪ್ ಹೋಗಿ ಕುಪ್. ಆಸ್ಟ್ರೇಲಿಯಾದಲ್ಲಿ ಟುಡೇ ಅನ್ನುವುದು ಟುಡೈ ಅಂತ ಕೇಳುತ್ತದೆ. "ನೀವು ಇಲ್ಲಿಗೆ ಸಾಯಲು ಬಂದಿರಾ?" ಅನ್ನುವ ಆಸ್ಪತ್ರೆಯ ಹಳೇ ಜೋಕು ಇದರಿಂದಲೇ ಹುಟ್ಟಿದ್ದು, ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೆಲ್ಬರ್ನ್‌ನ ಆಸ್ಪತ್ರೆಗಳಲ್ಲಿ ನ್ಯೂಜಿಲೆಂಡಿನವರೂ ತುಂಬ ಜನ. ಅವರ ಬಾಯಲ್ಲಿ ಟೆನ್ ಅನ್ನುವುದು ಟಿನ್ ಆಗುತ್ತದೆ, ಸಿಕ್ಸ್ ಅನ್ನುವುದು ಸಕ್ಸ್. ಔಷಧಿಯ ಪ್ರಮಾಣವನ್ನು ಕಿವಿಯಲ್ಲಿ ಕೇಳಿ ಕೊಡಬೇಡಿ, ಚಾರ್ಟ್ ನೋಡಿಯೇ ಕೊಡಿ. ಹೇಗೂ ನಿಯಮವೂ ಅದೇ.

ನಮ್ಮ ಮಾತಿನ ಕಡೆಯಿಂದಲೂ ಒಂದು ತೊಡಕಿದೆ. ನಾವು ನರ್ಸ್, ವಾಟರ್, ವಾರ್ಡ್ ಅನ್ನುವಾಗ ರ್ ಅನ್ನು ಪೂರ್ತಿ ಹೇಳುತ್ತೇವೆ. ಇಂಗ್ಲೆಂಡಿನ ಬಹುಪಾಲು ಜನ, ಆಸ್ಟ್ರೇಲಿಯಾದವರು ಆ ಜಾಗದಲ್ಲಿ ರ್ ಹೇಳುವುದಿಲ್ಲ. ಸ್ಕಾಟ್ಲೆಂಡ್, ಐರ್ಲೆಂಡಿನವರು ಹೇಳುತ್ತಾರೆ. ಅದಕ್ಕೇ ಗ್ಲಾಸ್ಗೋದಿಂದ ಬಂದ ಸಹೋದ್ಯೋಗಿಯ ಪದಗಳು ನನಗೆ ಸಲೀಸು ಅನ್ನಿಸುತ್ತಿದ್ದವು, ವೇಗ ಮಾತ್ರ ಆಗದು. ನೀವು ನಿಮ್ಮ ರ್ ಬಿಡಬೇಕಿಲ್ಲ. ನಿಧಾನವಾಗಿ ಮಾತಾಡಿದರೆ ಸಾಕು. ಬಂದ ತಿಂಗಳಲ್ಲೇ ಅವರ ಹಾಗೆ ಮಾತಾಡಲು ಹೋಗುವವರನ್ನು ಕಂಡರೆ ನನಗೆ ಸ್ವಲ್ಪ ಮುಜುಗರ, ಬಿಡಿ.

ಊಟದ ವಿಷಯ. ನೀವು ಸಸ್ಯಾಹಾರಿಯೋ ಅಲ್ಲವೋ ಹೇಳಿಲ್ಲ. ಸಸ್ಯಾಹಾರಿ ಆಗಿದ್ದರೆ ಇದನ್ನು ಗಮನವಿಟ್ಟು ಓದಿ. ನಮ್ಮ ಹೋಟೆಲುಗಳಲ್ಲಿ ಗ್ರೇವಿ ಅಂದರೆ ಈರುಳ್ಳಿ ಟೊಮೆಟೊ ಮಸಾಲೆ. ಅಲ್ಲಿ ಗ್ರೇವಿ ಅಂದರೆ ಸಾಮಾನ್ಯವಾಗಿ ಮಾಂಸ ಬೇಯಿಸಿದಾಗ ಇಳಿದ ರಸದಿಂದ ಮಾಡಿದ ಕಂದು ಸಾರು. ಉತ್ತರ ಇಂಗ್ಲೆಂಡಿನಲ್ಲಿ ಬಿಸಿ ಚಿಪ್ಸ್ ಮೇಲೆ ಇದನ್ನೇ ಸುರಿದು ಕೊಡುತ್ತಾರೆ, ನೋಡಲು ಮುಗ್ಧವಾಗಿರುತ್ತದೆ. ಪುಡ್ಡಿಂಗ್ ಅಂದರೆ ಅಲ್ಲಿ ಊಟದ ಕೊನೆಯ ಯಾವುದೇ ಸಿಹಿ. ಆದರೆ ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ, ಮೊಟ್ಟೆ ಹಾಲು ಮೈದಾ ಕಲಸಿ ಬೇಯಿಸಿದ್ದು, ಮಾಂಸದ ಜೊತೆ ತಿನ್ನುವಂಥದ್ದು. ಬ್ಲ್ಯಾಕ್ ಪುಡ್ಡಿಂಗ್ ಅಂತೂ ಹಂದಿಯ ರಕ್ತದಿಂದ ಮಾಡುವುದು. ಮಿನ್ಸ್ ಅಂದರೆ ಕೊಚ್ಚಿದ ಮಾಂಸ. ಆದರೆ ಬ್ರಿಟನ್ನಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಕೊಡುವ ಮಿನ್ಸ್ ಪೈ ಒಳಗೆ ಇರುವುದು ಒಣದ್ರಾಕ್ಷಿಯಂಥ ಹಣ್ಣುಗಳ ಸಿಹಿ ಹೂರಣ. ಅದರಲ್ಲೂ ಪ್ರಾಣಿಯ ಕೊಬ್ಬು ಇರಬಹುದು, ಪೊಟ್ಟಣದ ಮೇಲೆ ಸಸ್ಯಾಹಾರಿ ಅಂತ ಬರೆದಿದೆಯಾ ನೋಡಿಕೊಳ್ಳಿ.

ತರಕಾರಿ ಅಂಗಡಿಯಲ್ಲಿ ಆಸ್ಟ್ರೇಲಿಯಾ ನಮಗೆ ಹತ್ತಿರ. ದೊಣ್ಣೆ ಮೆಣಸಿನಕಾಯಿಗೆ ನಾವು ಕ್ಯಾಪ್ಸಿಕಮ್ ಅನ್ನುತ್ತೇವಲ್ಲ, ಇಲ್ಲೂ ಅದೇ. ಇಂಗ್ಲೆಂಡಿನಲ್ಲಿ ಅದು ಬರೀ ಪೆಪ್ಪರ್. ಬದನೆಕಾಯಿ ಇಲ್ಲಿ ಎಗ್‌ಪ್ಲಾಂಟ್, ಅಲ್ಲಿ ಓಬರ್ಜಿನ್. ನಮ್ಮ ಬ್ರಿಂಜಾಲ್ ಇಂಗ್ಲೆಂಡಿನಲ್ಲಿ ಉಪ್ಪಿನಕಾಯಿ ಬಾಟಲಿಯ ಮೇಲೆ ಮಾತ್ರ ಕಾಣಿಸುತ್ತದೆ. ಬೆಂಡೆಕಾಯಿಗೆ ಎರಡೂ ಕಡೆ ಓಕ್ರಾ. ಪೊಟ್ಟಣದ ಚಿಪ್ಸ್‌ಗೆ ಇಂಗ್ಲೆಂಡಿನಲ್ಲಿ ಕ್ರಿಸ್ಪ್ಸ್, ಚಿಪ್ಸ್ ಅಂದರೆ ಕರಿದ ಬಿಸಿ ಆಲೂಗಡ್ಡೆ. ಆಸ್ಟ್ರೇಲಿಯಾದಲ್ಲಿ ಎರಡಕ್ಕೂ ಚಿಪ್ಸ್, ಬೇಕಾದರೆ ಹಾಟ್ ಚಿಪ್ಸ್ ಅಂತ ಬಿಡಿಸಿ ಹೇಳುತ್ತಾರೆ. ಒಂದು ಸಾದಾ ಬನ್ನಿಗೆ ಇಂಗ್ಲೆಂಡಿನಲ್ಲಿ ಊರಿಗೊಂದು ಹೆಸರಿದೆ: ಮ್ಯಾಂಚೆಸ್ಟರ್‌ನಲ್ಲಿ ಬಾರ್ಮ್, ನಾಟಿಂಗ್‌ಹ್ಯಾಮ್‌ನಲ್ಲಿ ಕಾಬ್, ಕವೆಂಟ್ರಿಯಲ್ಲಿ ಬ್ಯಾಚ್. ಇದರ ಬಗ್ಗೆ ಕ್ಯಾಂಟೀನಿನಲ್ಲಿ ಅವರವರೇ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನೀವು ಸುಮ್ನೆ ಕೂತು ಕೇಳಿ, ಮಜಾ ಇರುತ್ತದೆ.

ಮೆಲ್ಬರ್ನ್‌ನಲ್ಲಿ ವಾರ್ಡಿನವರು ಪಾರ್ಟಿಗೆ ಕರೆದು "ಒಂದು ಪ್ಲೇಟ್ ತನ್ನಿ" ಅಂದರೆ ಎಲ್ಲರೂ ಹಂಚಿಕೊಳ್ಳಲು ಒಂದು ತಿಂಡಿ ಮಾಡಿ ತನ್ನಿ ಅಂತ ಅರ್ಥ. ಹೊಸಬರು ಖಾಲಿ ತಟ್ಟೆ ಹಿಡಿದು ಹೋದ ಕಥೆಗಳು ಇಲ್ಲಿ ಬೇಕಾದಷ್ಟಿವೆ. ನಾನು ಚಿತ್ರಾನ್ನ ಒಯ್ಯುತ್ತೇನೆ, ಪಾತ್ರೆ ಖಾಲಿಯಾಗಿಯೇ ವಾಪಸ್ ಬರುತ್ತದೆ. ಥಾಂಗ್ಸ್ ಹಾಕಿಕೊಂಡು ಬನ್ನಿ ಅಂದರೂ ನಾಚಬೇಡಿ, ಆಸ್ಟ್ರೇಲಿಯಾದಲ್ಲಿ ಅದು ಹವಾಯಿ ಚಪ್ಪಲಿ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ಒಳಉಡುಪು ಅಂತ ಅರ್ಥ, ಅಲ್ಲಿ ಬಾಯಿ ತಪ್ಪಿಯೂ ಅನ್ನಬೇಡಿ! ಆಸ್ಟ್ರೇಲಿಯಾದ ಹೋಟೆಲ್ ಮೆನುವಿನ ಆಂಟ್ರೇ ಅಂದರೆ ಇಂಗ್ಲೆಂಡಿನ ಸ್ಟಾರ್ಟರ್. ಅಮೆರಿಕದಲ್ಲಿ ಅದೇ ಪದಕ್ಕೆ ಮುಖ್ಯ ಊಟ ಅಂತ ಅರ್ಥ. ಕಾಫಿ ಮಾತ್ರ ಮೆಲ್ಬರ್ನ್‌ನದೇ ಮೇಲು, ಇದರಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಸ್ಟಾರ್‌ಬಕ್ಸ್ 2008ರಲ್ಲಿ ಆಸ್ಟ್ರೇಲಿಯಾದ ತನ್ನ 84 ಅಂಗಡಿಗಳಲ್ಲಿ 61ನ್ನು ಮುಚ್ಚಿತು. ಬೀದಿ ಬೀದಿಯಲ್ಲಿ ಒಳ್ಳೆಯ ಕಾಫಿ ಸಿಗುವ ಊರಲ್ಲಿ ಅದಕ್ಕೆ ಗಿರಾಕಿ ಸಾಲಲಿಲ್ಲ.

ದಿನದ ಬದುಕಿನಲ್ಲಿ ದೊಡ್ಡ ವ್ಯತ್ಯಾಸ ಬೆಳಕಿನದು. ಡಿಸೆಂಬರಿನಲ್ಲಿ ಲೀಡ್ಸ್‌ನಲ್ಲಿ ಸೂರ್ಯ ಹುಟ್ಟುವಾಗ ಎಂಟು ಗಂಟೆ ದಾಟಿರುತ್ತದೆ, ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತದೆ. ಡೇ ಶಿಫ್ಟ್ ಮಾಡುವವರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತಾರೆ. ಯಾರೂ ನನಗೆ ಮೊದಲು ಇದನ್ನು ಹೇಳಿರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮನಸ್ಸಿಗೆ ಮಂಕು ಕವಿಯುತ್ತದೆ. ರಜೆಯ ದಿನ ಮಧ್ಯಾಹ್ನ ಮನೆಯೊಳಗೆ ಕೂರಬೇಡಿ, ಹೊರಗೆ ನಡೆಯಿರಿ. ಅದೇ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ರಾತ್ರಿ ಎಂಟೂವರೆಗೂ ಬೆಳಕು, ಕೆಲವು ದಿನ 40 ಡಿಗ್ರಿ ಸೆಕೆ. ಇಲ್ಲಿ ಬಿಸಿಲಿಗೆ ಹೆದರುವುದನ್ನು ಮಕ್ಕಳಿಗೆ ಶಾಲೆಯಲ್ಲೇ ಕಲಿಸುತ್ತಾರೆ, ಟೋಪಿ ಇಲ್ಲದಿದ್ದರೆ ಆಟಕ್ಕೆ ಬಿಡುವುದಿಲ್ಲ. ಆದರೆ ಚಳಿಗಾಲದಲ್ಲಿ ಮೆಲ್ಬರ್ನ್‌ನ ಹಳೇ ಮನೆಗಳು ಒಳಗೆ ಕೊರೆಯುತ್ತವೆ. ಹೊರಗಿನ ಚಳಿ ಲೀಡ್ಸ್‌ನದೇ ಜಾಸ್ತಿ, ಆದರೆ ಅಲ್ಲಿ ಗೋಡೆಗೆ ರೇಡಿಯೇಟರ್ ಇರುವುದರಿಂದ ಮನೆಯೊಳಗೆ ಬೆಚ್ಚಗೆ.

ಇಂಗ್ಲೆಂಡಿನ ಹಳೇ ಮನೆಗಳಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಬಟ್ಟೆ ಒಗೆಯುವ ಮಷಿನ್ ಅಡುಗೆಮನೆಯಲ್ಲಿರುತ್ತದೆ. ಮೆಲ್ಬರ್ನ್‌ನಲ್ಲಿ ಅದಕ್ಕೆ ಬೇರೆ ಜಾಗ ಇದೆ, ಆದರೆ ಬಾಡಿಗೆ ಮನೆಯಲ್ಲಿ ಮಷಿನ್ನೂ ಫ್ರಿಜ್ಜೂ ಸಾಮಾನ್ಯವಾಗಿ ನಾವೇ ತರಬೇಕು. ಆ ಖರ್ಚಿಗೆ ದುಡ್ಡು ಇಟ್ಟುಕೊಂಡು ಬನ್ನಿ. ಟಿಪ್ಸ್ ಕೊಡುವ ರೂಢಿ ಆಸ್ಟ್ರೇಲಿಯಾದಲ್ಲಿ ಇಲ್ಲವೆಂದೇ ಹೇಳಬಹುದು. ಬದಲಿಗೆ ಭಾನುವಾರ, ಸರ್ಕಾರಿ ರಜೆಗಳಲ್ಲಿ ಕೆಫೆಯ ಬಿಲ್ಲಿಗೆ ಶೇಕಡಾ ಹತ್ತು ಹದಿನೈದು ಸೇರಿಸುವುದುಂಟು, ಆ ದಿನ ಕೆಲಸಗಾರರಿಗೆ ಕೂಲಿ ಜಾಸ್ತಿ ಕೊಡಬೇಕಾದ್ದರಿಂದ. ನರ್ಸ್‌ಗಳಿಗೂ ಭಾನುವಾರದ ಶಿಫ್ಟಿಗೆ ಹೆಚ್ಚು ಸಿಗುತ್ತದೆ, ಹಾಗಾಗಿ ದೂರಲಾರೆ.

ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಕೆಲಸದ ದೃಷ್ಟಿಯಿಂದ ನನ್ನ ಮಟ್ಟಿಗೆ ಮೆಲ್ಬರ್ನ್. ಅದು ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅನ್ನುವುದಕ್ಕೆ 2015ರ ಕಾನೂನಿದೆ, ಇಂಗ್ಲೆಂಡಿನಲ್ಲಿ ಅಂಥದ್ದಿಲ್ಲ. ಆದರೆ ಒಡನಾಟಕ್ಕೆ ಲೀಡ್ಸ್ ಇವತ್ತಿಗೂ ನೆನಪಾಗುತ್ತದೆ. ಬಸ್ ಡ್ರೈವರಿನಿಂದ ರೋಗಿಯವರೆಗೆ ಎಲ್ಲರೂ ಲವ್ ಅಂತ ಕರೆಯುತ್ತಾರೆ, ಅದು ನಮ್ಮ ಅಮ್ಮ, ಅಕ್ಕ ಅಂದ ಹಾಗೆ, ಬೇರೇನೂ ಅಲ್ಲ. ಬ್ರಾಡ್‌ಫರ್ಡ್ ಪಕ್ಕದಲ್ಲೇ ಇರುವುದರಿಂದ ಉದ್ದಿನಬೇಳೆ, ಇಡ್ಲಿ ರವೆಗೆ ಕೊರತೆಯಿಲ್ಲ. ಮೆಲ್ಬರ್ನ್‌ನಲ್ಲಿ ಡ್ಯಾಂಡಿನಾಂಗ್ ಕಡೆಯ ಭಾರತೀಯ ಅಂಗಡಿಗಳಿವೆ.

ಮಿಕ್ಸಿ ಧಾರಾಳವಾಗಿ ಒಯ್ಯಿರಿ. ಭಾರತ, ಬ್ರಿಟನ್, ಆಸ್ಟ್ರೇಲಿಯಾ ಮೂರರಲ್ಲೂ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಪಿನ್ನು ಮಾತ್ರ ಬೇರೆ: ಬ್ರಿಟನ್ನಿನಲ್ಲಿ ಮೂರು ಚಪ್ಪಟೆ ದಪ್ಪ ಪಿನ್, ಆಸ್ಟ್ರೇಲಿಯಾದಲ್ಲಿ ಓರೆಯಾದವು. ತೆಳ್ಳಗಿನ ಟ್ರಾವೆಲ್ ಅಡಾಪ್ಟರ್ ಮಿಕ್ಸಿಗೆ ಬಿಸಿಯಾಗುತ್ತದೆ, ಎಲೆಕ್ಟ್ರಿಷಿಯನ್ ಹತ್ತಿರ ಪ್ಲಗ್ಗೇ ಬದಲಿಸಿಕೊಳ್ಳಿ. ಆಸ್ಟ್ರೇಲಿಯಾಕ್ಕಾದರೆ ಸೂಟ್‌ಕೇಸಿನಲ್ಲಿರುವ ತಿನ್ನುವ ಸಾಮಾನನ್ನೆಲ್ಲ ವಿಮಾನ ನಿಲ್ದಾಣದ ಫಾರಂನಲ್ಲಿ ಬರೆಯಿರಿ, ಚಟ್ನಿಪುಡಿಯನ್ನೂ ಬಿಡಬೇಡಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಕರಿಬೇವನ್ನು ಊರಲ್ಲೇ ಬಿಟ್ಟು ಬನ್ನಿ, ಇಲ್ಲಿ ಅದರ ಗಿಡ ಕುಂಡದಲ್ಲೇ ಸಿಗುತ್ತದೆ.